ಇದು ಯಾರ ಮನೆಯದು?

ಕಳೆದ ವರ್ಷ ಚಳ್ಳಕೆರೆಯ ನಮ್ಮ ಹಳೆಯ ಮನೆಗೆ ಎರಡು ಕೋಣೆ ಸೇರಿಸಿ ಕಟ್ಟಿಸಿದೆವು. ಬಂಧುಬಳಗವನ್ನು ಕರೆದು ಊಟ ಹಾಕಿದ ದಿನ ಹಳೆಯ ಸ್ನೇಹಿತರೊಬ್ಬರು ಸೆಣಬಿನ ಚೀಲದಲ್ಲಿ ಏನನ್ನೋ ಹೊತ್ತು ತಂದರು. ಬಿಚ್ಚಿ ನೋಡಿದರೆ ಕಪ್ಪು ಕಲ್ಲಿನಲ್ಲಿ ಕಡೆದ ಬುದ್ಧ. ಒಂದೂವರೆ ಗೇಣು ಎತ್ತರ, ಇಬ್ಬರು ಹಿಡಿದು ಇಳಿಸಬೇಕಾದ ಭಾರ. ಮೂಗಿನ ತುದಿ ಮುಕ್ಕಾಗಿತ್ತು, ಎಡ ಮೊಣಕಾಲಿನ ಹತ್ತಿರ ಒಂದು ಚಕ್ಕೆ ಹಾರಿತ್ತು. ಬೆಂಗಳೂರಿನ ಅಂಗಡಿಯೊಂದರಲ್ಲಿ ಕೊಂಡದ್ದಂತೆ. ಎಂಟುನೂರು ವರ್ಷ ಹಳೆಯದೆಂದು ಅಂಗಡಿಯವನು ಹೇಳಿದನಂತೆ. ಬೆಲೆಯನ್ನು ಸ್ನೇಹಿತರು ಹೇಳಲಿಲ್ಲ, ನಾವೂ ಕೇಳಲಿಲ್ಲ.

"ನೀವು ಬರೆಯುವವರು, ನಿಮ್ಮ ಮೇಜಿನ ಮೇಲಿರಲಿ ಅಂತ ತಂದೆ. ಗಣಪತಿ ತಂದರೆ ನಿಮಗೆ ಕಷ್ಟ. ಬುದ್ಧನಾದರೆ ಎಲ್ಲರಿಗೂ ಸಲ್ಲುತ್ತಾನೆ" ಎಂದು ಅವರು ನಕ್ಕರು. ಒಂದು ಕಾಲಕ್ಕೆ ಎಣ್ಣೆ ಗಿರಣಿಗಳ ಸದ್ದಿಗೆ ಹೆಸರಾದ ಊರು ನಮ್ಮದು. ಅವರ ತಂದೆಯ ಗಿರಣಿಯಲ್ಲಿ ನಮ್ಮ ತಂದೆ ಲೆಕ್ಕ ಬರೆಯುತ್ತಿದ್ದರು. ಎರಡು ತಲೆಮಾರಿನ ಆ ವಿಶ್ವಾಸವನ್ನು ಒಂದು ಮಾತಿನಲ್ಲಿ ಬೇಡ ಎನ್ನಲು ನಮಗೆ ಬಾಯಿ ಬರಲಿಲ್ಲ.

ಕಷ್ಟ ಶುರುವಾದದ್ದು ಎಲ್ಲರೂ ಎದ್ದು ಹೋದ ಮೇಲೆ. ಚಿತ್ರ, ಮೂರ್ತಿಗಳಿರುವ ಮನೆಯೊಳಗೆ ಫರಿಶ್ತೆಗಳು ಬರುವುದಿಲ್ಲ ಎಂಬ ಮಾತನ್ನು ಕೇಳಿ ಬೆಳೆದವರು ನಾವು. ನಮಾಜಿನ ಹೊತ್ತಿಗೆ ಗೋಡೆಯ ಕ್ಯಾಲೆಂಡರನ್ನು ತಿರುಗಿಸಿಡುವ ಮನೆ ನಮ್ಮದು. ಅಂಥ ಮನೆಯಲ್ಲಿ ಈ ಕಲ್ಲನ್ನು ಎಲ್ಲಿಡುವುದು? ನಮ್ಮ ಮನೆಯವರು ಮಾತಾಡದೆ ಅದರ ಮೇಲೊಂದು ಟವೆಲ್ ಹೊದಿಸಿದರು. ಕಾಲೇಜಿಗೆ ಹೋಗುವ ಮಗಳು ಅದನ್ನು ತೆಗೆದಳು. "ಸಭೆಗಳಲ್ಲಿ ಸೌಹಾರ್ದದ ಭಾಷಣ ಮಾಡುತ್ತೀರಿ, ಮನೆಗೆ ಬಂದ ಬುದ್ಧನಿಗೆ ಬುರ್ಖಾ ಹಾಕುತ್ತೀರಾ?" ಎಂದು ನಮ್ಮನ್ನೇ ಕೇಳಿದಳು. ಎಂಬತ್ತು ದಾಟಿದ ನಮ್ಮ ತಾಯಿ ಮಾತ್ರ ಮಂಚದ ಮೇಲೆ ಕೂತು ಆ ಕಲ್ಲನ್ನು ಬಹಳ ಹೊತ್ತು ನೋಡಿ ಒಂದೇ ಮಾತು ಕೇಳಿದರು: "ಯೆ ಕಿಸ್ಕಾ ಹೈ ಬಾ?" ಇದು ಯಾರದಪ್ಪಾ?

ಬುದ್ಧನದು ಎಂದೆವು. ಅವರು ತಲೆಯಾಡಿಸಿದರು. ಅವರು ಕೇಳಿದ್ದು ಅದಲ್ಲ ಎಂದು ನಮಗೆ ಗೊತ್ತಾಗಲು ಕೆಲವು ತಿಂಗಳೇ ಬೇಕಾದವು. ಆ ತಿಂಗಳುಗಳಲ್ಲಿ ನಮ್ಮ ಮನಸ್ಸಿನಲ್ಲಿ ನಡೆದ ವಾದವನ್ನು ಓದುಗರ ಮುಂದೆ ಇಡಬೇಕೆನಿಸಿ ಇದನ್ನು ಬರೆಯುತ್ತಿದ್ದೇವೆ. ಪ್ರಶ್ನೆ ಇಷ್ಟೇ: ಪೂಜಿಸದವನು ಒಂದು ಮೂರ್ತಿಯನ್ನು ಗೌರವಿಸಬಲ್ಲನೇ? ಗೌರವಿಸಬಲ್ಲನಾದರೆ ಹೇಗೆ?

ಐದನೆಯ ತರಗತಿಯವರೆಗೆ ನಾವು ಓದಿದ್ದು ಉರ್ದು ಶಾಲೆಯಲ್ಲಿ. ಮೂರ್ತಿಗೆ ಅಲ್ಲಿ ಕಲಿತ ಮಾತು 'ಬುತ್'. ಬುತ್ ಎಂದರೆ ವಿಗ್ರಹ, ಬುತ್ಖಾನಾ ಎಂದರೆ ವಿಗ್ರಹಗಳ ಮನೆ, ಬುತ್‌ಪರಸ್ತ್ ಎಂದರೆ ವಿಗ್ರಹಾರಾಧಕ. ಈ ಮಾತು ಎಲ್ಲಿಂದ ಬಂತು ಎಂದು ನಮ್ಮ ಮೇಷ್ಟ್ರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ದೊಡ್ಡವರಾದ ಮೇಲೆ ನಿಘಂಟು ನೋಡಿದಾಗ ತಿಳಿಯಿತು, ಅದು 'ಬುದ್ಧ' ಎಂಬ ಹೆಸರೇ. ಇರಾನಿನ ಪೂರ್ವಕ್ಕೆ, ಮಧ್ಯ ಏಷ್ಯಾದಲ್ಲಿ, ಜನ ಕಂಡ ಮೂರ್ತಿಗಳಲ್ಲಿ ಬಹಳಷ್ಟು ಬುದ್ಧನವು. ಹಾಗಾಗಿ ಫಾರಸಿಯಲ್ಲಿ ಬುದ್ಧನ ಹೆಸರೇ ಎಲ್ಲ ಮೂರ್ತಿಗಳ ಹೆಸರಾಯಿತು. ಅಲ್ಲಿಂದ ಉರ್ದುವಿಗೆ ಬಂತು. ಉರ್ದು ಕವಿಗಳು ಅದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದು, ಕರಗದ ಮನಸ್ಸಿನ ಪ್ರೇಯಸಿಗೆ ಬುತ್ ಎಂದರು. ಅಂದರೆ ನಾವು ತಿಳಿಯದೆಯೇ ಬಾಲ್ಯದಿಂದ ಆ ಮಹಾನುಭಾವನ ಹೆಸರನ್ನು ಒಮ್ಮೆ ನಿಂದೆಗೆ, ಒಮ್ಮೆ ಒಲವಿಗೆ ಬಳಸುತ್ತ ಬಂದಿದ್ದೇವೆ. ಒಂದು ಹೆಸರಿಗೆ ಹೀಗಾಗಬಹುದಾದರೆ, ಆ ಹೆಸರಿನ ಮನುಷ್ಯನನ್ನು ನಾವು ನಿಜವಾಗಿ ನೋಡಿದ್ದೇವೆಯೇ ಎಂಬ ಅನುಮಾನ ಹುಟ್ಟುವುದು ಸಹಜ.

ಆದ್ದರಿಂದ ಮೊದಲು ನೋಡೋಣ ಎಂದುಕೊಂಡೆವು. ಮಗಳು ಗ್ರಂಥಾಲಯದಿಂದ ಪುಸ್ತಕ ತಂದಳು. ಕಲ್ಲಿನಲ್ಲಿ ಕಡೆದ ಈ ರೂಪ ಒಂದು ಬರಹವಿದ್ದಂತೆ, ಓದಲು ಬಂದವರಿಗೆ ಪ್ರತಿ ಅಂಗವೂ ಒಂದು ಅಕ್ಷರ. ಕಿವಿಗಳು ಜೋತುಬಿದ್ದಿವೆ, ಆದರೆ ಓಲೆಗಳಿಲ್ಲ. ರಾಜಕುಮಾರನಾಗಿದ್ದಾಗ ತೊಟ್ಟ ಭಾರವಾದ ಚಿನ್ನ ಕಿವಿಯನ್ನು ಎಳೆದಿತ್ತು. ಚಿನ್ನವನ್ನು ಬಿಟ್ಟು ಹೋದ ಮೇಲೂ ಅದರ ಗುರುತು ಉಳಿಯಿತು. ನೆತ್ತಿಯ ಮೇಲಿನ ಉಬ್ಬು ಜ್ಞಾನದ ಸಂಕೇತ. ಕಣ್ಣು ಪೂರ್ತಿ ಮುಚ್ಚಿಲ್ಲ, ಪೂರ್ತಿ ತೆರೆದಿಲ್ಲ. ಲೋಕವನ್ನು ತೊರೆದೂ ಇಲ್ಲ, ಅದಕ್ಕೆ ಸೋತೂ ಇಲ್ಲ. ಕೂತಿರುವ ತಾವರೆ ಕೆಸರಿನಲ್ಲಿ ಹುಟ್ಟಿ ಕೆಸರನ್ನು ಅಂಟಿಸಿಕೊಳ್ಳದ ಹೂವು. ಎಡಗೈ ಮಡಿಲಲ್ಲಿದೆ. ಬಲಗೈ ಮೊಣಕಾಲಿನ ಮೇಲಿಂದ ಇಳಿದು ಬೆರಳ ತುದಿಯಿಂದ ನೆಲವನ್ನು ಮುಟ್ಟುತ್ತಿದೆ.

ಇದಕ್ಕೆ ಭೂಮಿಸ್ಪರ್ಶ ಮುದ್ರೆ ಎನ್ನುತ್ತಾರೆ. ಬೋಧಿಮರದ ಕೆಳಗೆ ಕೂತ ಸಿದ್ಧಾರ್ಥನನ್ನು ಎಬ್ಬಿಸಲು ಮಾರ ತನ್ನ ಸೇನೆಯೊಡನೆ ಬಂದನಂತೆ. ಹೆದರಿಸಿ ಆಗದಿದ್ದಾಗ ವಕೀಲನಂತೆ ಪಾಟೀಸವಾಲು ಹಾಕಿದನಂತೆ: ಈ ಜಾಗದಲ್ಲಿ ಕೂರಲು ನಿನಗೇನು ಹಕ್ಕು? ನೀನು ಮಾಡಿದ ಒಳ್ಳೆಯದಕ್ಕೆ ಸಾಕ್ಷಿ ಯಾರು? ಮಾರನ ಕಡೆ ಸಾಕ್ಷಿ ಹೇಳಲು ಸಾವಿರ ಜನ. ಸಿದ್ಧಾರ್ಥನ ಕಡೆ ಒಬ್ಬನೂ ಇಲ್ಲ. ಅವನು ಮಾತಾಡದೆ ಕೈ ಇಳಿಸಿ ನೆಲವನ್ನು ಮುಟ್ಟಿದ. ಭೂಮಿ ನಡುಗಿ ಸಾಕ್ಷಿ ನುಡಿಯಿತು.

ಇದನ್ನು ಓದಿದಾಗ ನಮಗೆ ನೆನಪಾದದ್ದು ಬಾಲ್ಯದಲ್ಲಿ ಬಾಯಿಪಾಠ ಮಾಡಿದ 'ಝಿಲ್‌ಝಾಲ್' ಎಂಬ ಪುಟ್ಟ ಸೂರಾ. ಕಿಯಾಮತ್‌ನ ದಿನ ಭೂಮಿ ನಡುಗುವುದು, ತನ್ನ ಒಡಲಿನ ಭಾರವನ್ನೆಲ್ಲ ಹೊರಹಾಕುವುದು, ತನ್ನ ಮೇಲೆ ನಡೆದುದನ್ನೆಲ್ಲ ತಾನೇ ಹೇಳುವುದು ಎಂಬುದು ಅದರ ತಾತ್ಪರ್ಯ. ಎರಡೂ ಒಂದೇ ಎಂದು ಹೇಳುವ ಅವಸರ ನಮಗಿಲ್ಲ. ಅಲ್ಲಿ ಭೂಮಿಗೆ ಮಾತು ಕೊಡುವವನು ಅಲ್ಲಾಹ್, ಇಲ್ಲಿ ಅಂಥ ಒಬ್ಬ ಒಡೆಯನ ಪ್ರಸ್ತಾಪವಿಲ್ಲ. ಈ ವ್ಯತ್ಯಾಸ ಚಿಕ್ಕದಲ್ಲ. ಆದರೆ ಮನುಷ್ಯರ ಸಾಕ್ಷಿ ಸುಳ್ಳಾಗಬಹುದು, ಕಾಲ ಕೆಳಗಿನ ಮಣ್ಣಿನ ಸಾಕ್ಷಿ ಸುಳ್ಳಾಗದು ಎಂಬ ನಂಬಿಕೆ ಎರಡೂ ಕಡೆ ಇದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದೇ ನಮ್ಮ ದಾರಿಗೆ ಅಡ್ಡ ನಿಂತಿತು.

ಒಂದು ಭಾನುವಾರ ಮಗಳನ್ನು ಕರೆದುಕೊಂಡು ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಹೋದೆವು. ಇಷ್ಟು ಹತ್ತಿರದಲ್ಲಿದ್ದೂ ನಾವು ಅಲ್ಲಿಗೆ ಹೋಗಿದ್ದು ಶಾಲೆಯ ಪ್ರವಾಸದಲ್ಲಿ ಒಮ್ಮೆ ಮಾತ್ರ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆಯ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದದ್ದು 1892ರಲ್ಲಿ. ಅದಕ್ಕೂ ಮೊದಲೇ ಊರ ಜನಕ್ಕೆ ಬ್ರಹ್ಮಗಿರಿಯ ಬಂಡೆ 'ಅಕ್ಷರ ಗುಂಡು' ಎಂದು ಪರಿಚಿತವಾಗಿತ್ತು. ಅಕ್ಷರ ಯಾರದು, ಏನು ಹೇಳುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆದರೂ ಅದು ಅಕ್ಷರ ಎಂಬುದನ್ನು ಅವರು ಮರೆತಿರಲಿಲ್ಲ. ಓದಲಾಗದ್ದನ್ನೂ ಹೆಸರಿಟ್ಟು ಉಳಿಸಿಕೊಂಡ ಆ ಜನರ ಬಗ್ಗೆ ನಮಗೆ ಗೌರವ ಮೂಡಿತು.

ಬಂಡೆಯ ಮೇಲಿರುವುದು ಕ್ರಿಸ್ತಪೂರ್ವ 3ನೇ ಶತಮಾನದ ಬರಹ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಅಧಿಕಾರಿಗಳಿಗೆ ಕಳಿಸಿದ ಸಂದೇಶ. ಇಸಿಲ ಎಂದರೆ ಇದೇ ಬ್ರಹ್ಮಗಿರಿಯ ಬಯಲಿನಲ್ಲಿದ್ದ ಊರು. ಸಂದೇಶ ಶುರುವಾಗುವುದು ಆಜ್ಞೆಯಿಂದಲ್ಲ, ಕ್ಷೇಮ ಸಮಾಚಾರದಿಂದ. ನಿಮ್ಮ ಆರೋಗ್ಯ ಹೇಗಿದೆ ಎಂದು ಮೊದಲು ಕೇಳಿ, ಆಮೇಲೆ ವಿಷಯಕ್ಕೆ ಬರುತ್ತಾರೆ. ನಮ್ಮ ಹಿರಿಯರು ಕಾಗದ ಬರೆಯುವಾಗ ಸಲಾಂ ಹೇಳಿ ಖೈರಿಯತ್ ಕೇಳುತ್ತಿದ್ದುದು ನೆನಪಾಯಿತು. ಅನಂತರ ಚಕ್ರವರ್ತಿಯ ಮಾತು: ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿದೆ, ಆದರೆ ಒಂದು ವರ್ಷ ಸರಿಯಾಗಿ ಶ್ರಮಿಸಲಿಲ್ಲ, ಸಂಘವನ್ನು ಸೇರಿದ ಮೇಲೆ ಶ್ರಮಿಸಿದೆ ಎಂಬ ಒಪ್ಪಿಗೆ. ಇದರ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಿಗಬಲ್ಲದು ಎಂಬ ಭರವಸೆ. ಕೊನೆಗೆ ತಂದೆತಾಯಿಗಳ ಸೇವೆ, ಜೀವಿಗಳಲ್ಲಿ ದಯೆ, ಸತ್ಯ, ಗುರುವಿನಲ್ಲಿ ಗೌರವ, ನೆಂಟರೊಡನೆ ಸರಿಯಾದ ನಡತೆ. ಅಷ್ಟೇ. ತನ್ನ ಸೋಮಾರಿತನವನ್ನು ಬಂಡೆಯ ಮೇಲೆ ಕೆತ್ತಿಸಿ ಜನರಿಗೆ ತೋರಿಸಿದ ರಾಜ ಇನ್ನೊಬ್ಬನನ್ನು ನಾವು ಕಾಣೆವು.

ಬರೆದವನ ಹೆಸರು ಚಪಡ. ಎಲ್ಲ ಬ್ರಾಹ್ಮಿ ಲಿಪಿಯಲ್ಲಿ ಬರೆದು, ಕೊನೆಯಲ್ಲಿ 'ಲಿಪಿಕಾರ' ಎಂಬ ಅರ್ಥದ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಓಡುವ ಲಿಪಿ. ದೂರದ ವಾಯವ್ಯದ, ಗಾಂಧಾರದ ಕಡೆಯ ಬರಹ. ಬಲದಿಂದ ಎಡಕ್ಕೆ ಮೊದಲ ಅಕ್ಷರ ತಿದ್ದಿ, ಆಮೇಲೆ ಎಡದಿಂದ ಬಲಕ್ಕೆ ಕನ್ನಡ ಕಲಿತ ನಮ್ಮಂಥವರಿಗೆ ಆ ಒಂದು ಪದದ ಮುಂದೆ ನಿಂತಾಗ ಏನಾಗಿರಬೇಡ! ಎರಡೂ ದಿಕ್ಕಿನ ಬರಹಗಳು ಮೊಳಕಾಲ್ಮೂರಿನ ಒಂದೇ ಬಂಡೆಯ ಮೇಲೆ ಕೂಡಿ ಎರಡು ಸಾವಿರದ ಇನ್ನೂರು ವರ್ಷ ದಾಟಿವೆ.

ಹಿಂದಿರುಗುವಾಗ ಮಗಳು ಒಂದು ಮಾತು ಹೇಳಿದಳು. "ಅಬ್ಬಾ, ಅಲ್ಲಿ ಬುದ್ಧನ ಮಾತಿತ್ತು, ಬುದ್ಧ ಇರಲಿಲ್ಲ." ನಿಜ. ಆ ಬಂಡೆಗಳ ಮೇಲೆ ಮೂರ್ತಿಯಿಲ್ಲ, ಚಿತ್ರವಿಲ್ಲ. ಬರೀ ಅಕ್ಷರ. ಆ ಕಾಲದ ಮತ್ತು ಆಮೇಲಿನ ಕೆಲವು ಶತಮಾನಗಳ ಬೌದ್ಧ ಶಿಲ್ಪಿಗಳು ಬುದ್ಧನನ್ನು ಮನುಷ್ಯ ರೂಪದಲ್ಲಿ ಕಡೆಯುತ್ತಿರಲಿಲ್ಲ ಎಂದು ಬಹಳ ವಿದ್ವಾಂಸರು ಹೇಳುತ್ತಾರೆ. ಅವನಿರಬೇಕಾದ ಜಾಗದಲ್ಲಿ ಖಾಲಿ ಪೀಠ, ಎರಡು ಪಾದದ ಗುರುತು, ಒಂದು ಮರ, ಒಂದು ಚಕ್ರ. ಸಾಂಚಿಯಲ್ಲಿ ಹಾಗಿದೆ. ನಮ್ಮ ಕಲಬುರಗಿ ಕಡೆಯ ಸನ್ನತಿಯ ಹತ್ತಿರ, ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಶುರುವಾದ ಉತ್ಖನನದಲ್ಲಿ ಸಿಕ್ಕ ಮಹಾಸ್ತೂಪದ ಫಲಕಗಳಲ್ಲೂ ಇಂಥ ಪೀಠ, ಪಾದ, ಚಕ್ರಗಳಿವೆ. ಅಶೋಕನ ರೂಪವಿದೆ, ಅದರ ಮೇಲೆ ಅವನ ಹೆಸರೂ ಇದೆ. ಅಲ್ಲಿಯೇ ಅನಂತರದ ಕಾಲದ ಬುದ್ಧ ಮೂರ್ತಿಗಳೂ ಸಿಕ್ಕಿವೆ. ಅದನ್ನು ನಿಷೇಧವೆಂದು ಕರೆಯಬಾರದು, ಅದು ಬೇರೆ ಬಗೆಯ ಹೇಳಿಕೆ ಎನ್ನುವ ವಿದ್ವಾಂಸರೂ ಇದ್ದಾರೆ. ಮನುಷ್ಯ ರೂಪದ ಬುದ್ಧ ಬಹುವಾಗಿ ಕಾಣಿಸಿಕೊಳ್ಳುವುದು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ, ಮಥುರಾ ಮತ್ತು ಗಾಂಧಾರಗಳಲ್ಲಿ.

ಇದನ್ನು ತಿಳಿದಾಗ ನಮಗೆ ಒಂದು ಕ್ಷಣ ಖುಷಿಯಾಯಿತೆಂದು ಒಪ್ಪಿಕೊಳ್ಳಬೇಕು. ನೋಡಿ, ಅವರೂ ಮೊದಲು ನಮ್ಮ ಹಾಗೆಯೇ ಇದ್ದರು ಎಂಬ ಖುಷಿ. ಆದರೆ ಈ ಖುಷಿ ಒಳ್ಳೆಯದಲ್ಲ. ಇನ್ನೊಬ್ಬರ ಮನೆಯಲ್ಲಿ ನಮ್ಮ ಮನೆಯ ಪಾತ್ರೆ ಕಂಡಾಗ ಮಾತ್ರ ಆ ಮನೆ ಚೆನ್ನಾಗಿದೆ ಎನ್ನುವವನು ಒಳ್ಳೆಯ ಅತಿಥಿಯಲ್ಲ. ಖಾಲಿ ಪೀಠವನ್ನು ಕೆತ್ತಿದವರು ತೌಹೀದ್‌ಗಾಗಿ ಕೆತ್ತಲಿಲ್ಲ. ಅವರಿಗೆ ಅವರದೇ ಕಾರಣಗಳಿದ್ದವು. ಆಮೇಲೆ ರೂಪ ಕೊಟ್ಟವರಿಗೂ ಅವರದೇ ಕಾರಣಗಳಿದ್ದವು. ನಮ್ಮಂತೆ ಇರುವಷ್ಟನ್ನು ಮಾತ್ರ ಗೌರವಿಸಿದರೆ ನಾವು ಗೌರವಿಸಿದ್ದು ನಮ್ಮನ್ನೇ. ನಮ್ಮಂತಿಲ್ಲದ್ದನ್ನು ಏನು ಮಾಡುತ್ತೇವೆ ಎಂಬಲ್ಲಿದೆ ಪರೀಕ್ಷೆ.

ಆ ಪರೀಕ್ಷೆಯಲ್ಲಿ ಮುಸ್ಲಿಮರ ಹೆಸರಿನಲ್ಲಿ ಸೋತವರ ಕಥೆ ಎಲ್ಲರಿಗೂ ಗೊತ್ತಿದೆ. 2001ರ ಮಾರ್ಚ್ ತಿಂಗಳಲ್ಲಿ ಅಫ್ಘಾನಿಸ್ತಾನದ ಬಾಮಿಯಾನದಲ್ಲಿ ಎರಡು ಬೃಹತ್ ಬುದ್ಧರನ್ನು ತಾಲಿಬಾನ್ ಸಿಡಿಮದ್ದಿಟ್ಟು ಉರುಳಿಸಿತು. ಒಂದು ಸುಮಾರು 55 ಮೀಟರ್, ಇನ್ನೊಂದು 38 ಮೀಟರ್. ಆ ಕಣಿವೆಯಲ್ಲಿ ಮುಸ್ಲಿಮರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅವರ ಪಾದದ ಬುಡದಲ್ಲಿ ಹೊಲ ಉತ್ತು ಬಾಳಿದ್ದರು. ಅಲ್ಲಿನ ಹಜಾರಾ ಜನ ಆ ಮೂರ್ತಿಗಳಿಗೆ ಸಲ್ಸಾಲ್, ಶಾಹಮಾಮಾ ಎಂದು ಹೆಸರಿಟ್ಟು ಪ್ರೇಮದ ಕಥೆ ಕಟ್ಟಿಕೊಂಡಿದ್ದರು. ಇಸ್ಲಾಮಿಕ್ ರಾಷ್ಟ್ರಗಳ ಸಂಘಟನೆಯ ಪರವಾಗಿ ಹೆಸರಾಂತ ಉಲಮಾಗಳ ನಿಯೋಗವೇ ಕಂದಹಾರಕ್ಕೆ ಹೋಗಿ ಬೇಡವೆಂದು ಹೇಳಿತು. ಕೇಳಲಿಲ್ಲ. ಇತರರು ಕರೆದು ಪ್ರಾರ್ಥಿಸುವವುಗಳನ್ನು ನಿಂದಿಸಬೇಡಿ ಎಂದು ಕುರ್‌ಆನ್ ತಾಕೀತು ಮಾಡುತ್ತದೆ. ನಿಂದಿಸಲೂ ಬಾರದು ಎಂದಿರುವಾಗ ಸಿಡಿಮದ್ದು ಎಲ್ಲಿಂದ ಬಂತು? ಹಾಗೆಂದು ಚರಿತ್ರೆಯಲ್ಲಿ ನಮ್ಮವರು ಒಂದು ಮೂರ್ತಿಯನ್ನೂ ಮುಟ್ಟಲಿಲ್ಲ ಎಂದು ವಾದಿಸುವವರ ಸಾಲಿನಲ್ಲಿ ನಾವು ನಿಲ್ಲಲಾರೆವು. ಮುಸ್ಲಿಂ ಸೈನ್ಯಗಳೂ ಒಡೆದಿವೆ, ಬೇರೆಯವರೂ ಒಡೆದಿದ್ದಾರೆ. ಬೇರೆಯವರ ಲೆಕ್ಕ ನಮ್ಮ ಲೆಕ್ಕವನ್ನು ಚುಕ್ತಾ ಮಾಡುವುದಿಲ್ಲ.

ಇಷ್ಟೆಲ್ಲ ಯೋಚಿಸಿ, ಮೂರ್ತಿಯನ್ನು ಮೇಜಿನ ಮೇಲೆ ಇಡುವುದೇ ಸರಿ ಎಂಬ ತೀರ್ಮಾನಕ್ಕೆ ಬಂದೆವು. ಪೂಜೆಯಿಲ್ಲ, ನಮಾಜಿನ ಕೋಣೆಯಲ್ಲೂ ಇಲ್ಲ, ಬಾಮಿಯಾನಕ್ಕೆ ಇದು ನಮ್ಮ ಪುಟ್ಟ ಪ್ರಾಯಶ್ಚಿತ್ತ. ತಾಯಿಗೆ ಹೀಗೆ ಹೇಳಿದಾಗ ಅವರು ಮೊದಲಿನ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಈ ಸಲ ಬಿಡಿಸಿ ಕೇಳಿದರು. "ಇದು ಯಾರ ಮನೆಯದು? ಎಂಟುನೂರು ವರ್ಷದಿಂದ ಎಲ್ಲೋ ಕೂತಿತ್ತಲ್ಲ, ಅಲ್ಲಿಂದ ಎಬ್ಬಿಸಿದವರು ಯಾರು? ಅವರಿಗೆ ಯಾರು ಕೊಟ್ಟರು?"

ನಮಗೆ ನಾಚಿಕೆಯಾಯಿತು. ಇದು ಬುತ್ ಹೌದೋ ಅಲ್ಲವೋ, ಇಡಬಹುದೋ ಬಾರದೋ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ ನಾವು, ಇದು ಕದ್ದ ಮಾಲೇ ಎಂದು ಕೇಳಿಕೊಂಡಿರಲೇ ಇಲ್ಲ. ಹಿಜ್ರತ್‌ನ ರಾತ್ರಿ ಪ್ರವಾದಿಯವರು ಮಕ್ಕಾ ಬಿಟ್ಟು ಹೊರಟಾಗ ಅಲೀಯವರನ್ನು ಹಿಂದೆ ಉಳಿಸಿದ್ದು ಏಕೆ? ಜನ ತಮ್ಮಲ್ಲಿ ಇಟ್ಟಿದ್ದ ಅಮಾನತ್ತುಗಳನ್ನು ಅವರವರಿಗೆ ಹಿಂದಿರುಗಿಸಲು. ಇಟ್ಟವರು ಯಾರು? ಅದೇ ಮಕ್ಕಾದ ವಿಗ್ರಹಾರಾಧಕರು. ಅವರ ನಂಬಿಕೆಯನ್ನು ಒಪ್ಪದವರು ಅವರ ವಸ್ತುವನ್ನು ಮಾತ್ರ ಜೋಪಾನವಾಗಿ ಮುಟ್ಟಿಸಿದರು, ಅದೂ ಅವರು ಕೊಲ್ಲಲು ಹೊಂಚುಹಾಕಿದ ರಾತ್ರಿ. ನಾವು ಹುಡುಕುತ್ತಿದ್ದ ಉತ್ತರ ಇಲ್ಲಿತ್ತು. ಪೂಜಿಸದವನು ಮೂರ್ತಿಯನ್ನು ಗೌರವಿಸುವ ಮೊದಲ ದಾರಿ, ಅದು ತನ್ನದಲ್ಲ ಎಂದು ತಿಳಿಯುವುದು.

ಭೂಮಿಸ್ಪರ್ಶದ ಮಾತು ಮತ್ತೆ ನೆನಪಾದದ್ದು ಆಗ. ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನೆಲ ಅಗೆದರು. ಮಣ್ಣಿನ ಪದರಗಳನ್ನು ಒಂದರ ಕೆಳಗೊಂದು ಓದಿದರು. ಕೆಳಗೆ ಕಲ್ಲಿನ ಕೊಡಲಿಯ ಜನ, ಅವರ ಮೇಲೆ ಕಬ್ಬಿಣ ಬಳಸಿ ಬೃಹತ್ ಶಿಲಾಸಮಾಧಿ ಕಟ್ಟಿದ ಜನ, ಅವರ ಮೇಲೆ ಶಾತವಾಹನರ ಕಾಲದವರು. ದಕ್ಷಿಣ ಭಾರತದ ಪ್ರಾಚೀನ ಕಾಲವನ್ನು ಅಳೆಯಲು ಈ ಪದರಗಳು ದೊಡ್ಡ ಆಧಾರವಾದವು. ಒಂದು ಮಡಕೆ ಚೂರು ಎಲ್ಲಿ, ಯಾವ ಆಳದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬುದೇ ಅದರ ಕಥೆ. ಎತ್ತಿ ಮಾರಿದರೆ ಅದು ಬರೀ ಚೂರು. ಭೂಮಿ ಸಾಕ್ಷಿ ಹೇಳುತ್ತದೆ ಎಂಬುದು ನಂಬಿಕೆ ಮಾತ್ರವಲ್ಲ, ಪುರಾತತ್ವದ ಕೆಲಸದ ರೀತಿಯೇ ಅದು. ನಮ್ಮ ಮನೆಯ ಬುದ್ಧ ಬೆರಳಿಳಿಸಿ ನೆಲವನ್ನು ಸಾಕ್ಷಿಗೆ ಕರೆಯುತ್ತಿದ್ದ, ಆದರೆ ಅವನ ಬೆರಳ ಕೆಳಗೆ ಇದ್ದದ್ದು ನಮ್ಮ ಮೇಜಿನ ಸನ್‌ಮೈಕಾ. ಸಾಕ್ಷಿ ಹೇಳಬೇಕಾದ ಮಣ್ಣನ್ನೇ ಅವನಿಂದ ಕಿತ್ತುಕೊಂಡಿದ್ದರು.

ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕಿದೆ. ಬೇರೆ ಊರಿನಲ್ಲಿ ನೇಯ್ದು ಆ ಹೆಸರಿಟ್ಟು ಮಾರುವಂತಿಲ್ಲ. ಒಂದು ಸೀರೆಗೆ ಅದರ ಊರನ್ನು ಉಳಿಸಿಕೊಟ್ಟ ನಾವು ಒಂದು ಮೂರ್ತಿಗೆ ಅದರ ಊರು ಬೇಡವೆಂದುಕೊಂಡದ್ದು ಹೇಗೆ? 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು. ಕಲ್ಲಿನ ಶಿಲ್ಪ ಇಟ್ಟುಕೊಂಡವರು ನೋಂದಾಯಿಸಬೇಕು. ಅನುಮತಿ ಪತ್ರವಿಲ್ಲದೆ ಮಾರಾಟದ ವ್ಯವಹಾರ ನಡೆಸುವಂತಿಲ್ಲ. ಆದರೂ ವ್ಯಾಪಾರ ನಿಂತಿಲ್ಲ. ಆಸ್ಟ್ರೇಲಿಯದ ರಾಷ್ಟ್ರೀಯ ಕಲಾ ಸಂಗ್ರಹಾಲಯ 2007ರಲ್ಲಿ ಮಥುರಾ ಶೈಲಿಯ ಒಂದು ಕೆಂಪು ಕಲ್ಲಿನ ಬುದ್ಧನನ್ನು ಹತ್ತು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. ಅದು ಅಕ್ರಮವಾಗಿ ದೇಶದಿಂದ ಹೊರಹೋದದ್ದೆಂದು ತಿಳಿದು 2016ರಲ್ಲಿ ಭಾರತಕ್ಕೆ ಮರಳಿಸಿತು. ನಾಳಂದಾದ ವಸ್ತುಸಂಗ್ರಹಾಲಯದಿಂದ 1961ರಲ್ಲಿ ಕಳುವಾದ ಕಂಚಿನ ಬುದ್ಧ ಲಂಡನ್ನಿನಲ್ಲಿ ಸಿಕ್ಕಿ ಹಿಂದಿರುಗಿದ್ದು 2018ರಲ್ಲಿ. ದೊಡ್ಡ ಸಂಸ್ಥೆಗಳೇ ಹೀಗೆ ಎಡವಿರುವಾಗ ಚಳ್ಳಕೆರೆಯ ಒಬ್ಬ ಕಥೆಗಾರನ ಮೇಜು ಯಾವ ಲೆಕ್ಕ ಎನ್ನಬಹುದು. ಆದರೆ ಕಳವಿನ ಮಾಲಿಗೆ ಬೇಡಿಕೆ ಹುಟ್ಟುವುದು ಇಂಥ ಮೇಜುಗಳಿಂದಲೇ.

ಇದಕ್ಕೆ ಒಂದು ಎದುರುವಾದವಿದೆ. ಕಲ್ಲು ಯಾವ ಕಾಲಕ್ಕೂ ಒಬ್ಬರಲ್ಲೇ ಇರುವುದಿಲ್ಲ, ಕೈ ಬದಲಾಗುತ್ತಲೇ ಇರುತ್ತದೆ. ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಛಾವಣಿ ಕುಸಿದಾಗ, ದೇವಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯೇ ಅಶೋಕನ ಶಾಸನ ಎಂದು ತಿಳಿಯಿತು. ಮೂರ್ತಿಯನ್ನು ನಿಲ್ಲಿಸಲು ಅಕ್ಷರಗಳ ನಡುವೆಯೇ ತೂತು ಕೊರೆದಿದ್ದರು. ಹಾಗಿದ್ದರೆ ಕೊರೆದವರು ಅಪರಾಧಿಗಳೇ? ನಮಗೆ ಹಾಗೆನಿಸುವುದಿಲ್ಲ. ಅವರಿಗೆ ಆ ಅಕ್ಷರ ಗೊತ್ತಿರಲಿಲ್ಲ. ಅವರು ಅದನ್ನು ಮಾರಲಿಲ್ಲ, ಇದ್ದ ಊರಿನಲ್ಲೇ ತಮ್ಮ ದೇವಿಯ ಪಾದದಡಿ ಇಟ್ಟರು. ತಿಳಿಯದೆ ಬಳಸುವುದು ಬೇರೆ, ತಿಳಿದೂ ಕೇಳದಿರುವುದು ಬೇರೆ. ಎಂಟುನೂರು ವರ್ಷದ್ದು ಎಂದು ಹೆಮ್ಮೆಯಿಂದ ಹೇಳುವವನು, ಎಲ್ಲಿಯದು ಎಂದು ಕೇಳದಿರಲು ನೆಪವಿಲ್ಲ.

ಸ್ನೇಹಿತರಿಗೆ ಇದನ್ನು ಹೇಳುವುದು ಸುಲಭವಿರಲಿಲ್ಲ. ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಮೂರ್ತಿ ಬೇಡ ಅಂದಿದ್ದರೆ ನನಗೆ ಬೇಜಾರಾಗುತ್ತಿತ್ತು. ಕಳವು ಬೇಡ ಅಂದರೆ ಏನು ಹೇಳಲಿ?" ಎಂದರು. ಇಬ್ಬರೂ ಸೇರಿ ಶಿಲ್ಪಗಳನ್ನು ಬಲ್ಲ ನಿವೃತ್ತ ಅಧ್ಯಾಪಕರೊಬ್ಬರನ್ನು ಕರೆತಂದು ತೋರಿಸಿದೆವು. ಅವರು ಟಾರ್ಚು ಹಿಡಿದು ಅರ್ಧ ಗಂಟೆ ನೋಡಿದರು. ಆಮೇಲೆ ನಕ್ಕರು. ಇದು ಹೊಸದು. ಹೆಚ್ಚೆಂದರೆ ಹತ್ತು ವರ್ಷ. ಯಂತ್ರದ ಗುರುತುಗಳ ಮೇಲೆ ಆಮ್ಲ ಬಳಿದು ಹಳೆಯದರಂತೆ ಮಾಡಿದ್ದಾರೆ. ಮೂಗು ಕಾಲದಿಂದ ಸವೆದದ್ದಲ್ಲ, ಕಡೆದು ಮುಗಿಸಿದ ಮೇಲೆ ಉಳಿಯಿಟ್ಟು ಹಾರಿಸಿದ್ದು.

ಸ್ನೇಹಿತರಿಗೆ ದುಡ್ಡು ಹೋದ ಸಂಕಟ, ನಮಗೆ ಭಾರ ಇಳಿದ ಸಮಾಧಾನ. ಆದರೆ ರಾತ್ರಿ ಆ ಮೂಗು ನಿದ್ದೆ ಕೆಡಿಸಿತು. ಯಾರೋ ಒಬ್ಬ ಶಿಲ್ಪಿ, ತನ್ನ ಕೈಯಾರೆ ನುಣುಪಾಗಿ ಕಡೆದ ಮೂಗನ್ನು ತಾನೇ ಮುರಿದಿದ್ದಾನೆ. ಏಕೆಂದರೆ ನಮ್ಮಂಥವರು ಇಡಿಯಾದ ಹೊಸ ಮೂರ್ತಿಗೆ ಕೊಡುವುದಕ್ಕಿಂತ ಒಡೆದ ಹಳೆಯ ಮೂರ್ತಿಗೆ ಹೆಚ್ಚು ಕೊಡುತ್ತೇವೆ. ಐಹೊಳೆಯ ಮೇಗುತಿ ಬೆಟ್ಟದ ಬೌದ್ಧ ಗುಡಿಯ ಮುಂದೆ ತಲೆಯಿಲ್ಲದ ಬುದ್ಧನಿದ್ದಾನೆ. ನಗರದ ಹೋಟೆಲು, ಬಂಗಲೆಗಳಲ್ಲಿ ಮೈಯಿಲ್ಲದ ಬುದ್ಧನ ತಲೆಗಳಿವೆ. ಈ ತಲೆಗಳು ಹೊಸವೇ ಇರಬಹುದು. ಆದರೆ ಮೈಯಿಂದ ಬೇರೆಯಾದ ತಲೆ ಚೆಂದ ಎಂಬ ಅಭಿರುಚಿ ಎಲ್ಲಿಂದ ಬಂತು? ಎಲ್ಲೋ ಯಾರೋ ಗರಗಸ ಹಿಡಿದು ಕೊಯ್ದದ್ದರಿಂದ ಬಂತು. 2021ರಲ್ಲಿ ಮತ್ತೆ ಅಧಿಕಾರಕ್ಕೆ ಬಂದ ತಾಲಿಬಾನ್ ಆಡಳಿತದಲ್ಲಿ ಬಾಮಿಯಾನದ ಖಾಲಿ ಗೂಡುಗಳನ್ನು ನೋಡಲು ಬರುವವರಿಗೆ ಟಿಕೆಟು ಮಾರಿದ್ದಾರೆ. ಒಡೆದವನೂ, ಒಡೆದದ್ದನ್ನು ಕೊಳ್ಳುವವನೂ ಬೇರೆ ಬೇರೆ ಎಂದುಕೊಂಡಿದ್ದೆವು. ಸಂತೆಯಲ್ಲಿ ಅವರಿಬ್ಬರೂ ಅಕ್ಕಪಕ್ಕದಲ್ಲೇ ನಿಂತಿರುತ್ತಾರೆ.

ಬೆಳಿಗ್ಗೆ ತಾಯಿಗೆ ಎಲ್ಲ ಹೇಳಿದೆವು. "ಹಾಗಾದರೆ ಇದು ಯಾರ ಮನೆಯದೂ ಅಲ್ಲ. ಯಾರೋ ಬಡವನ ಕೂಲಿಯದು" ಎಂದರು. ನಮಾಜಿನ ಕೋಣೆಯಲ್ಲಿ ಬೇಡ, ಮನೆಯೊಳಗೂ ಬೇಡ, ಆದರೆ ಬೀದಿಗೆ ಎಸೆಯುವುದೂ ಬೇಡ ಎಂದು ಅವರೇ ತೀರ್ಪು ಕೊಟ್ಟರು. ಈಗ ಅದು ಹಿತ್ತಿಲಿನ ದಾಳಿಂಬೆ ಗಿಡದ ಕೆಳಗಿದೆ. ಬೆರಳು ಮಣ್ಣನ್ನು ಮುಟ್ಟುತ್ತಿದೆ. ಸ್ನೇಹಿತರು ಬಂದಾಗ ಕೈ ಮುಗಿಯುತ್ತಾರೆ, ನಾವು ಮುಗಿಯುವುದಿಲ್ಲ. ಇದು ನಮ್ಮ ಸ್ನೇಹಕ್ಕೆ ಅಡ್ಡಿಯಾಗಿಲ್ಲ. ನಮ್ಮ ಬಳಗದ ಹಿರಿಯರೊಬ್ಬರಿಗೆ ಇದು ಸರಿಬಂದಿಲ್ಲ, ಹಿತ್ತಿಲೂ ಮನೆಯೇ ಅಲ್ಲವೇ ಎಂದು ಕೇಳುತ್ತಾರೆ. ಅವರ ಪ್ರಶ್ನೆಗೂ ಅರ್ಥವಿದೆ, ಅದನ್ನು ನಾವು ನಗೆಯಾಡುವುದಿಲ್ಲ.

ಆದರೆ ನಮ್ಮ ಮನೆಯಲ್ಲಿ ಒಂದು ಬದಲಾವಣೆ ಆಗಿದೆ. ಹೊಸ ವಸ್ತು ಏನೇ ಬರಲಿ, ಮಗಳು ಅಜ್ಜಿಯ ಧಾಟಿಯಲ್ಲಿ "ಯೆ ಕಿಸ್ಕಾ ಹೈ ಬಾ?" ಎಂದು ಕೇಳುತ್ತಾಳೆ. ಮೊದಮೊದಲು ತಮಾಷೆಗೆ ಕೇಳುತ್ತಿದ್ದಳು. ಈಗ ಉತ್ತರಕ್ಕೆ ಕಾಯುತ್ತಾಳೆ.